ಮನೆ ಮಾರುವಾಗ ಬಣ್ಣದ ಬಗ್ಗೆಯೂ ಒಂದು ಸಾಲು ಬರೆಸಿ: ಕಲಬುರಗಿ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಕಲಬುರಗಿ.

ವಿಷಯ: ಹಳೇ ಮನೆಗಳ ಬಣ್ಣದಲ್ಲಿರುವ ಸೀಸ (ಲೆಡ್ ಅನ್ನುವ ವಿಷದ ಲೋಹ), ಮತ್ತು ಮನೆ ಕೊಡುವಾಗ ತಗೊಳ್ಳುವಾಗ ಅದನ್ನು ಹೇಳುವ ಬಗ್ಗೆ.

ಮಾನ್ಯರೇ, ನಮಸ್ಕಾರ.

ನಾನು ಇಲ್ಲೇ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಇಂಥ ಪತ್ರ ಬರೆದು ಅಭ್ಯಾಸ ಇಲ್ಲ. ಒಂದು ಪ್ರತಿಯನ್ನು ನಿಮ್ಮ ಕಚೇರಿಯ ಟಪಾಲಿಗೆ ಕೊಟ್ಟು ಸ್ವೀಕೃತಿ ತಗೊಂಡಿದ್ದೇನೆ. ಇಲ್ಲೂ ಹಾಕುತ್ತಿದ್ದೇನೆ, ಯಾಕೆಂದರೆ ಇದರಲ್ಲಿ ಅರ್ಧ ನಿಮಗೆ ಹೇಳಬೇಕಾದದ್ದು, ಇನ್ನರ್ಧ ನಮ್ಮೂರಲ್ಲಿ ಹಳೇ ಮನೆ ಕೊಳ್ಳುವ, ಮಾರುವ, ಬಣ್ಣ ಹೊಡೆಸುವ ಜನಕ್ಕೆ.

2023ರ ಮಾರ್ಚ್‌ನಲ್ಲಿ ಬ್ರಹ್ಮಪುರದ ಒಂದು ಗಲ್ಲಿಯಲ್ಲಿ ಹಳೇ ಮನೆ ಕೊಂಡೆವು. ಕಲ್ಲಿನ ಗೋಡೆ, ಶಹಾಬಾದಿ ಕಲ್ಲಿನ ನೆಲ, ತೇಗದ ಬಾಗಿಲು, ಬೀದಿ ಕಡೆಗೆ ನಾಲ್ಕು ದೊಡ್ಡ ಕಿಟಕಿ. ಮಾರಿದವರ ತಂದೆ 1960ರ ಸುಮಾರಿಗೆ ಕಟ್ಟಿಸಿದ್ದಂತೆ. ಹೊಸ ಲೇಔಟಿನ ಸೈಟಿನ ರೇಟಿಗೆ ನಮ್ಮ ಕೈ ಮುಟ್ಟಲಿಲ್ಲ. ಕಲ್ಲಿನ ಮನೆ ಮೇ ತಿಂಗಳಲ್ಲೂ ತಂಪಾಗಿರುತ್ತದೆ ಅನ್ನುವ ಆಸೆ ಬೇರೆ.

ಸಂಚಕಾರ ಕೊಡುವ ಮುಂಚೆ ನಾವು ಕೇಳದ ಪ್ರಶ್ನೆ ಇಲ್ಲ. 30 ವರ್ಷದ ಇಸಿ (ಋಣಭಾರ ಪತ್ರ) ತೆಗೆಸಿದೆವು. ಉತಾರ ನೋಡಿದೆವು, ತೆರಿಗೆ ರಸೀದಿ ನೋಡಿದೆವು. ಜಾಗದ್ದು ನಿಜಾಮರ ಕಾಲದ ಒಂದು ಉರ್ದು ಕಾಗದ ಇತ್ತು, ಅದನ್ನು ಓದಿಸಲು ದರ್ಗಾದ ಕಡೆ ಒಬ್ಬ ಹಿರಿಯರನ್ನು ಹುಡುಕಿಕೊಂಡು ಹೋದೆವು. ನನ್ನ ಮಾವ ಮೊಬೈಲಿನಲ್ಲಿ ದಿಕ್ಸೂಚಿ ಹಾಕಿಕೊಂಡು ಅಡುಗೆಮನೆ ಆಗ್ನೇಯಕ್ಕೆ ಇದೆಯಾ ಅಂತ ಎರಡು ಸಲ ತಿರುಗಿದರು. ಮಾಳಿಗೆ ಸೋರುತ್ತದಾ, ಬೋರಿನಲ್ಲಿ ನೀರು ಎಷ್ಟು ಅಡಿಗಿದೆ, ಅಕ್ಕಪಕ್ಕದವರ ಜೊತೆ ಗೋಡೆ ಜಗಳ ಇದೆಯಾ, ಎಲ್ಲಾ ಕೇಳಿದೆವು. ಬಾಗಿಲಿಗೆ ಹೊಡೆದ ಬಣ್ಣದಲ್ಲಿ ಏನಿದೆ ಅಂತ ಮಾತ್ರ ಕೇಳಲಿಲ್ಲ. ಹಾಗೊಂದು ಪ್ರಶ್ನೆ ಇದೆ ಅನ್ನುವುದೇ ಗೊತ್ತಿರಲಿಲ್ಲ. ಮಿಲ್ಲಿಗೆ ಬರುವ ತೊಗರಿ ಚೀಲಕ್ಕೆ ಕೊಳವೆ ಚುಚ್ಚಿ, ಹಿಡಿ ಕಾಳು ತೆಗೆದು, ತೇವ ಎಷ್ಟು, ಕಲ್ಲು ಎಷ್ಟು, ಹುಳ ಬಿದ್ದಿದೆಯಾ ಅಂತ ನೋಡದೆ ನಾವು ಒಂದು ಚೀಲವನ್ನೂ ಒಳಗೆ ಬಿಡುವುದಿಲ್ಲ. 38 ಲಕ್ಷದ ಮನೆಗೆ ಅಷ್ಟೂ ಮಾಡಲಿಲ್ಲ.

ಗೃಹಪ್ರವೇಶ ಅಕ್ಷಯ ತೃತೀಯಕ್ಕೆ ಅಂತ ನಿಶ್ಚಯವಾಗಿತ್ತು. ಬಾಡಿಗೆ ಮನೆಯವರು ಬೇಗ ಬಿಡಿ ಅಂತ ಅವಸರ ಮಾಡಿದರು. ಹಾಗಾಗಿ ಹಿಂದಿನ ಒಂದು ಕೋಣೆಯಲ್ಲಿ ಸಾಮಾನು ಹಾಕಿಕೊಂಡು ನಾವು ಮೊದಲೇ ಬಂದುಬಿಟ್ಟೆವು, ಮುಂದೆ ಬಣ್ಣದ ಕೆಲಸ ನಡೆಯುತ್ತಿತ್ತು. ಪೇಂಟರ್ ನಮ್ಮ ಪರಿಚಯದವರೇ. ಒಳ್ಳೆ ಕೆಲಸಗಾರ, ಸುಳ್ಳು ಹೇಳುವವರಲ್ಲ. "ಅಣ್ಣಾ, ಹಳೀ ಬಣ್ಣ ಪೂರಾ ಕೆರೀಲಿಲ್ಲಂದ್ರ ಹೊಸದು ಹಿಡಿಯಂಗಿಲ್ರಿ" ಅಂದರು. ಮೊದಲು ಪಟ್ಟಿ ಹಿಡಿದು ಕೆರೆದರು, ಆಮೇಲೆ ಪಾಲಿಶ್ ಪೇಪರ್, ಅದೂ ಸಾಕಾಗದೆ ಗ್ರೈಂಡರ್ ತಂದು ಐದು ದಿನ ತಿಕ್ಕಿದರು. ಏಪ್ರಿಲ್ ಬಿಸಿಲು, ಎಲ್ಲಾ ಫ್ಯಾನ್ ಫುಲ್ ಸ್ಪೀಡಿನಲ್ಲಿ. ಮಧ್ಯಾಹ್ನ ಪಡಸಾಲೆಗೆ ಬಂದರೆ ಹಸಿರು ಮಂಜು ಕವಿದ ಹಾಗೆ ಕಾಣುತ್ತಿತ್ತು. ಹೆಂಡತಿ ದಿನಕ್ಕೆ ಮೂರು ಸಲ ಕಸಬರಿಗೆಯಿಂದ ಗುಡಿಸುತ್ತಿದ್ದಳು. ಒಣ ಕಸಬರಿಗೆಯಿಂದ ಗುಡಿಸಿದರೆ ಆ ಸಣ್ಣ ಧೂಳು ಮತ್ತೆ ಮೇಲೆದ್ದು ಎಲ್ಲಾ ಕಡೆ ಕೂರುತ್ತದೆ ಅಂತ ನಮಗೆ ಆಮೇಲೆ ಗೊತ್ತಾಯಿತು. ಶಹಾಬಾದಿ ಕಲ್ಲಿನ ಸಂದಿಯಲ್ಲಿ ಕೂತ ಧೂಳಂತೂ ಎಷ್ಟು ಗುಡಿಸಿದರೂ ಹೋಗುವುದಿಲ್ಲ.

ಮಗಳಿಗೆ ಆಗ 14 ತಿಂಗಳು. ಪಡಸಾಲೆಯ ಕಿಟಕಿಯ ಕೆಳಗಿನ ಚೌಕಟ್ಟು ಸರಿಯಾಗಿ ಅವಳ ಬಾಯಿಮಟ್ಟಕ್ಕೆ. ಹಲ್ಲು ಬರುವ ಕಾಲ, ಸಿಕ್ಕಿದ್ದನ್ನೆಲ್ಲಾ ಕಚ್ಚುವಳು. ಬೀದಿಯಲ್ಲಿ ಹೋಗುವ ಎಮ್ಮೆ ನೋಡುತ್ತಾ, ಎರಡೂ ಕೈಯಲ್ಲಿ ಸರಳು ಹಿಡಿದು, ಆ ಚೌಕಟ್ಟು ಕಚ್ಚಿಕೊಂಡು ನಿಲ್ಲುತ್ತಿದ್ದಳು. ನಾವು ಅದರ ಫೋಟೊ ತೆಗೆದು ಸ್ಟೇಟಸ್ಸಿಗೂ ಹಾಕಿದ್ದೇವೆ. ಆ ಚೌಕಟ್ಟಿನ ಮೇಲೆ ನಾಲ್ಕು ಸಣ್ಣ ಹಲ್ಲಿನ ಗುರುತು ಈಗಲೂ ಇವೆ. ಬೆಳಕಿಗೆ ಹಿಡಿದು ನೋಡಿದರೆ ಆ ಕುಳಿಯಲ್ಲಿ ಒಂದರ ಕೆಳಗೊಂದು ಬಣ್ಣ ಕಾಣುತ್ತವೆ: ಮೇಲೆ ನಾವು ಹೊಡೆಸಿದ ಕ್ರೀಮ್, ಅದರ ಕೆಳಗೆ ಆಕಾಶನೀಲಿ, ಹಸಿರು, ಮತ್ತೆ ಹಸಿರು, ಅಡಿಯಲ್ಲಿ ಹಳದಿ. ಈರುಳ್ಳಿ ಹೆಚ್ಚಿದ ಹಾಗೆ, ಮನೆಯ 60 ವರ್ಷದ ದೀಪಾವಳಿಗಳು ಅಲ್ಲಿವೆ.

ದೀಪಾವಳಿ ಹೊತ್ತಿಗೆ ಮಗು ಬಿಳಿಚಿಕೊಂಡಿತು. ಊಟ ಬೇಡ, ಹೊಟ್ಟೆ ಹಿಡಿದುಕೊಂಡು ಅಳು, ನಾಲ್ಕು ದಿನಕ್ಕೊಮ್ಮೆ ಮಲ. ಅಷ್ಟು ಹೊತ್ತಿಗೆ "ಅಪ್ಪ, ಅವ್ವ, ಬೌ ಬೌ" ಅನ್ನುತ್ತಿದ್ದಳು, ಮುಂದಿನ ಮಾತು ಬರಲೇ ಇಲ್ಲ. ಜಂತಿನ ಔಷಧಿ ಕೊಟ್ಟೆವು. ದೃಷ್ಟಿ ತೆಗೆದೆವು. ಹಿಮೋಗ್ಲೋಬಿನ್ 8.4 ಬಂತು, ಕಬ್ಬಿಣದ ಹನಿ ಕೊಟ್ಟರು, ಎರಡು ತಿಂಗಳಾದರೂ ಅಷ್ಟೇನೂ ಏರಲಿಲ್ಲ. ಮೂರನೇ ಸಲ ಹೋದಾಗ ಹೊಸದಾಗಿ ಬಂದಿದ್ದ ಒಬ್ಬ ಡಾಕ್ಟರಮ್ಮ ಬೇರೆ ಥರದ ಪ್ರಶ್ನೆ ಕೇಳಿದರು. ಮನೆಯಲ್ಲಿ ಯಾರಾದರೂ ಬ್ಯಾಟರಿ ಕೆಲಸ ಮಾಡುತ್ತಾರಾ? ಮಗುವಿಗೆ ಸುರ್ಮಾ ಹಚ್ಚುತ್ತೀರಾ? ಬಿಡಿ ಅರಿಶಿನ ಪುಡಿ ಬಳಸುತ್ತೀರಾ? ಇತ್ತೀಚೆಗೆ ಹಳೇ ಬಣ್ಣ ಕೆರೆಸಿದ್ದೀರಾ? ನಾನು ಹೆಂಡತಿ ಮುಖ ನೋಡಿದೆ.

ರಕ್ತ ಊರಿನಿಂದ ಹೊರಗೆ ಹೋಯಿತು, ರಿಪೋರ್ಟ್ ಬರಲು ಆರು ದಿನ. ಸೀಸ 21 ಮೈಕ್ರೋಗ್ರಾಂ, ಒಂದು ಡೆಸಿಲೀಟರ್ ರಕ್ತದಲ್ಲಿ. ಡೆಸಿಲೀಟರ್ ಅಂದರೆ 100 ಮಿಲಿ, ಒಂದು ಸಣ್ಣ ಚಹಾ ಲೋಟದಷ್ಟು. 5 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನಿಲ್ಲಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿದೆ. ಹಾಗಂತ 4 ಇದ್ದರೆ ಪರವಾಗಿಲ್ಲ ಅಂತಲ್ಲ, ಇಷ್ಟರವರೆಗೆ ಸೀಸ ಇದ್ದರೆ ಏನೂ ಆಗಲ್ಲ ಅನ್ನುವ ಮಟ್ಟವೇ ಇಲ್ಲವಂತೆ. ಸೀಸವನ್ನು ಮೈಯಿಂದ ಹೊರಗೆ ತೆಗೆಯುವ ಔಷಧಿಯನ್ನು ಮಕ್ಕಳಿಗೆ ಸಾಮಾನ್ಯವಾಗಿ 45 ದಾಟಿದ ಮೇಲೆ ಕೊಡುತ್ತಾರೆ. ಅದಕ್ಕಿಂತ ಕಡಿಮೆ ಇದ್ದರೆ ಮುಖ್ಯ ಔಷಧಿ ಒಂದೇ, ಇನ್ನೊಂದು ಕಣವೂ ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳುವುದು. ಡಾಕ್ಟರಮ್ಮ ನನಗೆ ಅರ್ಥವಾಗುವ ಹಾಗೆ ಹೇಳಿದರು: ಮೈ ಸೀಸವನ್ನು ಸುಣ್ಣದ ಅಂಶ (ಕ್ಯಾಲ್ಸಿಯಂ) ಅಂದುಕೊಂಡು ಒಳಗೆ ಕರೆದು ಮೂಳೆಯಲ್ಲಿ ಇಟ್ಟುಕೊಳ್ಳುತ್ತದೆ. ಅದೇ ಧೂಳು ದೊಡ್ಡವರ ಹೊಟ್ಟೆಗೆ ಹೋದರೆ ಮೈಗೆ ಸೇರುವುದಕ್ಕಿಂತ ಸಣ್ಣ ಮಕ್ಕಳಲ್ಲಿ ನಾಲ್ಕೈದು ಪಟ್ಟು ಜಾಸ್ತಿ ಸೇರುತ್ತದೆ. ರಕ್ತ ಕಡಿಮೆ ಇದ್ದ ಮಕ್ಕಳಲ್ಲಿ, ಖಾಲಿ ಹೊಟ್ಟೆಯಲ್ಲಿ, ಇನ್ನೂ ಜಾಸ್ತಿ. ನಮ್ಮ ಕಡೆ ರಕ್ತ ಕಡಿಮೆ ಇಲ್ಲದ ಮಕ್ಕಳು ಎಷ್ಟಿದ್ದಾರೆ, ನೀವೇ ಹೇಳಿ.

ನಾನು ಲೆಕ್ಕದ ಮನುಷ್ಯ, ಅನುಮಾನದ ಮೇಲೆ ಬರೆಯಲು ಇಷ್ಟವಿಲ್ಲ. ಹಾಗಾಗಿ ನಾಲ್ಕು ಪೊಟ್ಟಣ ಕಟ್ಟಿ ಬೆಂಗಳೂರಿನ ಒಂದು ಲ್ಯಾಬಿಗೆ ಕೊರಿಯರ್ ಮಾಡಿದೆ. ಗೋಡೆಯ ಹಳೇ ಸುಣ್ಣದಲ್ಲಿ ಹೇಳುವಂಥದ್ದೇನೂ ಬರಲಿಲ್ಲ. ನಾವು ಹೊಡೆಸಿದ ಹೊಸ ಬಣ್ಣ ಮಿತಿಯೊಳಗೇ ಇತ್ತು. ಹಸಿರು ಪದರ ಮಿತಿಗಿಂತ ಎಷ್ಟೋ ಮೇಲೆ. ಅಡಿಯ ಹಳದಿಯಲ್ಲಿ 9 ಸಾವಿರ ಪಿಪಿಎಂ ದಾಟಿತ್ತು. ನಮ್ಮ ದೇಶದ ಮಿತಿ 90. ಅಂದರೆ ಒಂದು ಕಿಲೋ ಒಣಗಿದ ಬಣ್ಣದಲ್ಲಿ 90 ಮಿಲಿಗ್ರಾಂ ಸೀಸ ಇದ್ದರೆ ಸರ್ಕಾರ ಒಪ್ಪುತ್ತದೆ, ನಮ್ಮ ಕಿಟಕಿಯ ಹಳದಿಯಲ್ಲಿ ಅದು 9 ಗ್ರಾಂಗಿಂತ ಜಾಸ್ತಿ.

ಹಳದಿ, ಕೇಸರಿ, ಹಸಿರಿನಲ್ಲೇ ಯಾಕೆ ಜಾಸ್ತಿ ಅಂದರೆ, ಆ ಹೊಳಪಿಗೆ ಸೀಸದ ಕ್ರೋಮೇಟ್ ಅನ್ನುವ ಹಳದಿ ಪುಡಿ ಹಾಕುತ್ತಿದ್ದರು. ಹಸಿರು ಅಂದರೆ ಎಷ್ಟೋ ಸಲ ಅದೇ ಹಳದಿಗೆ ನೀಲಿ ಬೆರೆಸಿದ್ದು. ಹಳೇ ಪೇಂಟರ್‌ಗಳು ಅಗಸಿ ಎಣ್ಣೆಯಲ್ಲಿ ಕಲಸುತ್ತಿದ್ದ ಸಫೇದಾ ಅನ್ನುವ ಬಿಳಿ ಪುಡಿಯಲ್ಲೂ ಸೀಸ, ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲಿ ಅಂತ ಹೊಡೆಯುತ್ತಿದ್ದ ಸಿಂಧೂರದಂಥ ಕೆಂಪು ಬಣ್ಣದಲ್ಲೂ ಸೀಸ, ಎಣ್ಣೆ ಬಣ್ಣ ಬೇಗ ಒಣಗಲಿ ಅಂತ ಹಾಕುತ್ತಿದ್ದ ಮದ್ದಿನಲ್ಲೂ ಸೀಸ. ಹಾಗಾಗಿ ಹಳೇ ಮನೆಯಲ್ಲಿ ಗೋಡೆಗಿಂತ ಮೊದಲು ನೋಡಬೇಕಾದದ್ದು ಬಾಗಿಲು, ಕಿಟಕಿ, ಗ್ರಿಲ್, ಗೇಟು, ಗೋಡೆ ಕಪಾಟು. ಅದರಲ್ಲೂ ತೆಗೆದು ಹಾಕುವಾಗ ಒಂದಕ್ಕೊಂದು ತಿಕ್ಕುವ ಜಾಗ, ಮತ್ತೆ ನಮ್ಮೂರ ಪಡುವಣ ಬಿಸಿಲಿಗೆ ಗುಳ್ಳೆ ಎದ್ದು ಚಕ್ಕೆ ಬೀಳುವ ಜಾಗ.

ಮಾರಿದ ಕಾಕಾ ಅವರ ಹತ್ತಿರ ಹೋದೆ. ಜಗಳಕ್ಕೆ ಹೋದದ್ದು ಅಂತಲೇ ಇಟ್ಟುಕೊಳ್ಳಿ. ಅವರು ಚಹಾ ತರಿಸಿದರು. "ನಮ್ ಹುಡುಗ್ರು ಮೂರೂ ಮಂದಿ ಇದೇ ಮನ್ಯಾಗ ಬೆಳದಾರ, ಒಬ್ಬಾಂವ ಇಂಜಿನಿಯರ್ ಆಗ್ಯಾನ. ಬಣ್ಣದಾಗ ಏನದಪಾ?" ಅಂದರು. ದಾರಿಯಲ್ಲಿ ಬರುತ್ತಾ ಯೋಚನೆ ಮಾಡಿದೆ. ಅವರು ಸುಳ್ಳು ಹೇಳಿಲ್ಲ. ಅವರ ಕಾಲದಲ್ಲಿ ಹಳೆಯದರ ಮೇಲೇ ಹೊಸದನ್ನು ಹೊಡೆಯುತ್ತಾ ಬಂದರು, ಬಣ್ಣ ಗಟ್ಟಿಯಾಗಿ ಕೂತಿತ್ತು, ಏಳಲಿಲ್ಲ. ಗಟ್ಟಿಯಾಗಿ ಕೂತ ಬಣ್ಣ ಅಷ್ಟು ತೊಂದರೆ ಕೊಡುವುದಿಲ್ಲ. ಅದನ್ನು ಹಿಟ್ಟು ಮಾಡಿ ಮನೆ ತುಂಬ ಹಾರಿಸಿದ್ದು ನಾವು, ಐದೇ ದಿನದಲ್ಲಿ, ದುಡ್ಡು ಕೊಟ್ಟು.

ಆಮೇಲೆ ಕಚೇರಿಗಳಿಗೆ ಹೋದೆ. ಯಾವ್ಯಾವ ಕಚೇರಿ ಅಂತ ಹೆಸರು ಹಾಕುವುದಿಲ್ಲ, ಯಾರ ಮೇಲೂ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಮಿಲ್ಲಿಗೆ ನಾಲ್ಕು ದಿನ ರಜೆ ಹಾಕಿದೆ. ಒಂದು ಕಡೆ, ಇದು ಆರೋಗ್ಯದವರದ್ದು ಅಂದರು. ಅಲ್ಲಿ, ಇದು ಪರಿಸರದವರದ್ದು ಅಂದರು. ಇನ್ನೊಂದು ಕಡೆ, ನಾವು ನೋಂದಣಿ ಮಾಡುತ್ತೇವೆ ಅಷ್ಟೇ, ಮನೆ ಒಳಗೆ ಏನಿದೆ ಅಂತ ನೋಡುವುದು ನಮ್ಮ ಕೆಲಸ ಅಲ್ಲ ಅಂದರು, ಅದೂ ನಿಜವೇ. ಕೊನೆಗೆ, ಸಿವಿಲ್ ಕೋರ್ಟಿಗೆ ಹೋಗಿ ಅಂದರು. ಒಬ್ಬ ಗುಮಾಸ್ತರು ಮಾತ್ರ ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಕೇಳಿ ಮುಗಿದ ಮೇಲೆ, "ನಮ್ ಮನಿಗೂ ಹೋದ ದಸರಾದಾಗ ಕೆರಿಸೀವ್ರಿ, ಮೊಮ್ಮಗಳು ಅಲ್ಲೇ ಆಡ್ತಿತ್ತು" ಅಂತ ಹೇಳಿ ಸುಮ್ಮನಾದರು.

ಈಗ ನನ್ನ ತಪ್ಪಿನ ಮಾತು. ಇದನ್ನು ಬರೆಯಬೇಕಾ ಬೇಡವಾ ಅಂತ ಎರಡು ವಾರ ಪತ್ರ ಹಾಗೇ ಇಟ್ಟಿದ್ದೆ.

2021ರಲ್ಲಿ ಆಳಂದದ ನಮ್ಮ ತಂದೆಯ ಮನೆಯನ್ನು ನಾನೇ ಮಾರಿದೆ. ಅದೂ ಹಳೇ ಮನೆ, ಅದಕ್ಕೂ ಹಸಿರು ಬಾಗಿಲು. ಏಜೆಂಟ್ ಹೇಳಿದ್ದು ನೆನಪಿದೆ, "ಒಂದು ಕೈ ಬಣ್ಣ ಹೊಡಸ್ರಿ ಸರ, ಎರಡು ಲಕ್ಷ ಜಾಸ್ತಿ ಬರ್ತದ." ಹೊಡೆಸಿದೆ. ಕೆರೆಸಿಯೇ ಹೊಡೆಸಿದೆ. ಧೂಳು ಗುಡಿಸಿ ಅಂಗಳದ ಬೇವಿನ ಗಿಡದ ಬುಡಕ್ಕೆ ಸುರಿಸಿದೆ. ಕೊಂಡವರು ಹೊಸ ಬಣ್ಣ ನೋಡಿ ಖುಷಿಪಟ್ಟರು. ಮಗಳ ರಿಪೋರ್ಟ್ ಬಂದ ಮೇಲೆ ಅವರಿಗೆ ಫೋನ್ ಮಾಡಲು ನನಗೆ 11 ದಿನ ಹಿಡಿಯಿತು. "ಮನ್ಯಾಗ ಸಣ್ಣ ಮಕ್ಕಳು ಅದಾರೇನ್ರಿ?" ಅಂತ ಕೇಳಿದೆ. ಇಬ್ಬರು ಇದ್ದಾರೆ ಅಂದರು. ಭಾನುವಾರ ಬಸ್ಸು ಹತ್ತಿ ಹೋದೆ. ಎಲ್ಲಾ ಹೇಳಿದೆ. ಅವರು ಬೈಯಲಿಲ್ಲ. "ನಿಮಗ ಮೊದಲೇ ಗೊತ್ತಿತ್ತೇನ್ರಿ?" ಅಂತ ಒಂದೇ ಮಾತು ಕೇಳಿದರು. ಗೊತ್ತಿರಲಿಲ್ಲ ಅಂದೆ. ನಿಜವನ್ನೇ ಹೇಳಿದೆ, ಆದರೂ ಬೇವಿನ ಗಿಡದ ಕಡೆ ನೋಡಲು ಆಗಲಿಲ್ಲ. ಅವರ ಮಕ್ಕಳು ಅಲ್ಲೇ ಮಣ್ಣಿನಲ್ಲಿ ಆಡುತ್ತಿದ್ದರು.

ಜಿಲ್ಲಾಧಿಕಾರಿಗಳೇ, ಇಡೀ ಸಮಸ್ಯೆ ಆ ಒಂದು ಪ್ರಶ್ನೆಯಲ್ಲೇ ಇದೆ. ನಾನು ಆಮೇಲೆ ಒಬ್ಬ ವಕೀಲರನ್ನು ಕೇಳಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ನಿನಲ್ಲಿ ಇದೆಯಂತೆ: ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದೆ, ಸಾಮಾನ್ಯವಾಗಿ ನೋಡಿದರೆ ಕಾಣದಂಥ ದೊಡ್ಡ ದೋಷ ಆಸ್ತಿಯಲ್ಲಿದ್ದರೆ ಮಾರುವವನು ಹೇಳಲೇಬೇಕು. ಒಳ್ಳೆ ಕಾನೂನು. ಆದರೆ "ಗೊತ್ತಿದ್ದರೆ" ಅನ್ನುವ ಮಾತಿಗೆ ಎಲ್ಲಾ ನಿಂತಿದೆ. ಟೆಸ್ಟ್ ಮಾಡಿಸಿದರೆ ಗೊತ್ತಾಗುತ್ತದೆ, ಗೊತ್ತಾದರೆ ಹೇಳಬೇಕಾಗುತ್ತದೆ, ಹೇಳಿದರೆ ರೇಟ್ ಬೀಳುತ್ತದೆ. ಹಾಗಾದರೆ ಬುದ್ಧಿ ಇರುವವನು ಏನು ಮಾಡುತ್ತಾನೆ? ಟೆಸ್ಟ್ ಮಾಡಿಸದೆ ಸುಮ್ನೆ ಇರುತ್ತಾನೆ. ನಾವೆಲ್ಲಾ ಗೊತ್ತಿಲ್ಲದವರಾಗಿಯೇ ಉಳಿಯುವುದರಲ್ಲಿ ಲಾಭ ಇದೆ.

ಇನ್ನೊಂದು ಕಾನೂನು 2016ರದ್ದು. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಅಂತ ಕೇಂದ್ರ ಪರಿಸರ ಸಚಿವಾಲಯ ನಿಯಮ ತಂದಿತು, 2017ರ ನವೆಂಬರ್ 1ರಿಂದ ಜಾರಿ. ನಮ್ಮ ರಾಜ್ಯೋತ್ಸವದ ದಿನವೇ, ನೆನಪಿಡಲು ಸುಲಭ. ಡಬ್ಬದ ಮೇಲೆ ಅದನ್ನು ಬರೆದಿರಬೇಕು. ಈ ನಿಯಮ ಹೊಸ ಡಬ್ಬಕ್ಕೆ, ಅದೂ ಮನೆ ಮತ್ತು ಅಲಂಕಾರದ ಬಣ್ಣಕ್ಕೆ. ಕಾರ್ಖಾನೆ ಬಳಕೆಯ ಬಣ್ಣ ಇದರಲ್ಲಿ ಬರುವುದಿಲ್ಲ, ಆ ಡಬ್ಬ ತಂದು ಯಾರಾದರೂ ಮನೆ ಗೇಟಿಗೆ ಹೊಡೆದರೆ ನೋಡುವವರು ಯಾರು? ಮತ್ತೆ 2017ಕ್ಕಿಂತ ಮುಂಚೆ ಹೊಡೆದ ಬಣ್ಣ ನಮ್ಮ ಶಹಾಬಜಾರ್, ಬ್ರಹ್ಮಪುರ, ಗಾಜಿಪುರದ ಬಾಗಿಲುಗಳ ಮೇಲೆ ಹಾಗೇ ಇದೆ. ಅದಕ್ಕೆ ನಿಯಮವೇ ಇಲ್ಲ.

ಅಮೆರಿಕದಲ್ಲಿ ಮನೆ ಬಣ್ಣಕ್ಕೆ ಸೀಸ ಹಾಕುವುದನ್ನು 1978ರಲ್ಲೇ ನಿಲ್ಲಿಸಿದರು. ಆದರೂ ಹಳೇ ಮನೆಗಳು ಇದ್ದೇ ಇದ್ದವಲ್ಲ, ಅದಕ್ಕೆ 1992ರಲ್ಲಿ ಇನ್ನೊಂದು ಕಾನೂನು ಮಾಡಿದರು. 1978ಕ್ಕಿಂತ ಮುಂಚಿನ ಮನೆ ಮಾರುವವರು, ಬಾಡಿಗೆ ಕೊಡುವವರು ಸೀಸದ ಬಗ್ಗೆ ತಮಗೆ ಗೊತ್ತಿರುವುದನ್ನು ಬರೆದು ಕೊಡಬೇಕು, ಸರ್ಕಾರದ ಒಂದು ಕೈಪಿಡಿ ಕೊಡಬೇಕು, ಕೊಳ್ಳುವವರಿಗೆ ಬೇಕಿದ್ದರೆ ಟೆಸ್ಟ್ ಮಾಡಿಸಲು 10 ದಿನ ಸಮಯ ಕೊಡಬೇಕು. ನನಗೆ ಇದರಲ್ಲಿ ಇಷ್ಟವಾದದ್ದು ಏನೆಂದರೆ, ಮಾರುವವನು ಬಣ್ಣ ತೆಗೆಸಲೇಬೇಕು ಅಂತಿಲ್ಲ, ಟೆಸ್ಟ್ ಮಾಡಿಸಲೇಬೇಕು ಅಂತಲೂ ಇಲ್ಲ. ಇಬ್ಬರಿಗೂ ವಿಷಯ ತಿಳಿದು ಸಹಿ ಬೀಳಬೇಕು, ಅಷ್ಟೇ. ಇಂಥದ್ದಕ್ಕೆ ಕೋಟಿ ಬೇಕಿಲ್ಲ, ಒಂದು ಹಾಳೆ ಸಾಕು.

ಆ ಹಾಳೆಯನ್ನೇ ನಾನು ಕೇಳುತ್ತಿರುವುದು. ಕಾನೂನು ಮಾಡುವುದು ನಿಮ್ಮ ಕೈಯಲ್ಲಿಲ್ಲ ಅಂತ ಗೊತ್ತಿದೆ. ಆದರೆ ನಮ್ಮ ಜಿಲ್ಲೆಯ ಉಪನೋಂದಣಿ ಕಚೇರಿಗಳಲ್ಲಿ, ಜನ ಟೋಕನ್ ಹಿಡಿದು ಗಂಟೆಗಟ್ಟಲೆ ಕೂರುವ ಜಾಗದಲ್ಲಿ, ಕನ್ನಡದಲ್ಲೂ ಉರ್ದುವಿನಲ್ಲೂ ಒಂದು ದೊಡ್ಡ ಬೋರ್ಡ್ ಹಾಕಿಸಬಹುದು ಅಲ್ವಾ? "ಈ ಮನೆ ಯಾವಾಗ ಕಟ್ಟಿದ್ದು, ಹಳೇ ಎಣ್ಣೆ ಬಣ್ಣ ಇದೆಯಾ, ಯಾವಾಗಲಾದರೂ ಕೆರೆಸಿದ್ದೀರಾ" ಅಂತ ಮೂರು ಪ್ರಶ್ನೆಯ ಒಂದು ಹಾಳೆ ಇಡಿಸಬಹುದು, ಇಷ್ಟ ಇದ್ದವರು ತುಂಬಲಿ. ಕ್ರಯಪತ್ರ ಬರೆಯುವವರಿಗೆ ಒಂದು ಸಾಲು ಸೇರಿಸಲು ಹೇಳಿಸಬಹುದು. ಗಡಿ ಬರೆಯುವಾಗ ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ ಅಂತ ಅಷ್ಟು ಬರೆಯುತ್ತಾರೆ, ಇನ್ನೊಂದು ಸಾಲು ಭಾರವೇನೂ ಅಲ್ಲ. ಆಸ್ತಿ ನೋಂದಣಿಯ ಕಾವೇರಿ ತಂತ್ರಾಂಶದಲ್ಲೇ ಆ ಪ್ರಶ್ನೆ ಬರುವ ಹಾಗೆ ಮಾಡಿ ಅಂತ ಬೆಂಗಳೂರಿಗೆ ನೀವು ಒಂದು ಪತ್ರ ಬರೆದರೆ, ನನ್ನಂಥವನು ನೂರು ಬರೆದದ್ದಕ್ಕಿಂತ ಜಾಸ್ತಿ ತೂಕ. ಒಮ್ಮೆ ಹಾಳೆ ಕೈಗೆ ಬಂದ ಮೇಲೆ ಯಾರೂ ನಮಗೆ ಗೊತ್ತೇ ಇರಲಿಲ್ಲ ಅನ್ನುವ ಹಾಗಿಲ್ಲ, ನಾನೂ ಸೇರಿ.

ಎರಡನೆಯದು ಟೆಸ್ಟು. ಬಣ್ಣದ ಮೇಲೆ ಹಿಡಿದರೆ ಕೆರೆಯದೆಯೇ ಸೀಸ ಎಷ್ಟಿದೆ ಅಂತ ತೋರಿಸುವ, ಕೈಯಲ್ಲಿ ಹಿಡಿಯುವ ಯಂತ್ರ ಇದೆ, ಎಕ್ಸ್‌ಆರ್‌ಎಫ್ ಅನ್ನುತ್ತಾರೆ. ಬೆಲೆ ಲಕ್ಷಗಳಲ್ಲಿ, ಮನೆಯವರು ಕೊಳ್ಳುವಂಥದ್ದಲ್ಲ. ಆದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡಿನಲ್ಲಿ ಜಿಲ್ಲೆಗೆ ಒಂದು ತರಿಸಿ, ಸಣ್ಣ ಫೀಸ್ ಇಟ್ಟು ಮನೆಗಳಿಗೆ ಕಳಿಸಬಹುದು. ಮೊದಲು ಹಳೇ ಅಂಗನವಾಡಿ, ಸರ್ಕಾರಿ ಶಾಲೆಗಳ ಕಿಟಕಿಗೆ ಹಿಡಿಸಿ. ಅಲ್ಲಿ ಮಕ್ಕಳು ಕಿಟಕಿ ಪಕ್ಕದಲ್ಲೇ ಕೂತು ಊಟ ಮಾಡುತ್ತಾರೆ. ಶಾಲೆಗೆ ಬಣ್ಣ ಹೊಡೆಸುವುದಿದ್ದರೆ ಬೇಸಿಗೆ ರಜೆಯಲ್ಲೇ ಆಗಲಿ, ಒಣ ಕೆರೆತ ಬೇಡ ಅಂತ ಟೆಂಡರಿನಲ್ಲೇ ಬರೆಸಿ. ಅದರ ಜೊತೆಗೆ ರಕ್ತದಲ್ಲಿ ಸೀಸ ನೋಡುವ ಪರೀಕ್ಷೆ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲೇ ಬಡವರಿಗೂ ಸಿಗುವ ಹಾಗೆ ಆಗಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಸೀಸದ ವಿಷಕ್ಕೆಂದೇ ರಾಷ್ಟ್ರೀಯ ಕೇಂದ್ರ ನಡೆದಿದೆ, ಅಂದರೆ ದಾರಿ ತೋರಿಸುವವರು ನಮ್ಮ ರಾಜ್ಯದಲ್ಲೇ ಇದ್ದಾರೆ.

ಇದೇನು ಒಬ್ಬನ ಮನೆಯ ಕಥೆ ಅಂತ ಯಾರಾದರೂ ಅಂದರೆ: ಯುನಿಸೆಫ್ 2020ರಲ್ಲಿ ಕೊಟ್ಟ ವರದಿಯ ಪ್ರಕಾರ ಪ್ರಪಂಚದಲ್ಲಿ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸ 5 ಅಥವಾ ಅದಕ್ಕಿಂತ ಜಾಸ್ತಿ, ಅದರಲ್ಲಿ 27 ಕೋಟಿಗೂ ಮೇಲೆ ನಮ್ಮ ದೇಶದವರೇ. ಎಲ್ಲಾ ಬಣ್ಣದಿಂದಲೇ ಅಲ್ಲ. ಹಳೇ ಬ್ಯಾಟರಿ ಒಡೆದು ಕರಗಿಸುವುದು, ಕಲಬೆರಕೆ ಮಸಾಲೆ, ಪಾತ್ರೆ, ಇನ್ನೂ ಏನೇನೋ ಇವೆ. ಪೆಟ್ರೋಲಿನ ಸೀಸವನ್ನು ನಾವು 2000ದಲ್ಲಿ ನಿಲ್ಲಿಸಿದೆವು. ಆಗಿನಷ್ಟೇ ಗಟ್ಟಿ ಮನಸ್ಸು ಈಗ ಬಾಗಿಲಿಗೂ ಬೇಕು.

ಮೂರನೆಯದನ್ನು ನಾನು ಮೊದಲು ಬರೆಯಬೇಕಿತ್ತು. ಪೇಂಟರ್‌ಗಳು. ನಮ್ಮ ಪೇಂಟರ್ 22 ವರ್ಷದಿಂದ ಇದೇ ಕೆಲಸ. ಮೂಗಿಗೆ ಟವೆಲ್ ಕಟ್ಟಿಕೊಳ್ಳುತ್ತಾರೆ, ಅದೇ ಟವೆಲಲ್ಲಿ ಊಟದ ಕೈ ಒರೆಸುತ್ತಾರೆ. ಸಂಜೆ ಅದೇ ಬಟ್ಟೆಯಲ್ಲಿ ಮನೆಗೆ ಹೋದರೆ ಮಗ ಓಡಿ ಬಂದು ಕಾಲು ತಬ್ಬುತ್ತಾನೆ. ವಿಷಯ ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಯಾರೂ ಹೇಳಿಲ್ರಿ ಅಣ್ಣಾ" ಅಂದರು. ಪೇಂಟರ್‌ಗಳೂ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳುತ್ತಾರೆ. ಅವರಿಗೆ ಒಂದು ದಿನದ ತರಬೇತಿ, ಒಳ್ಳೆ ಮಾಸ್ಕ್, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ, ಇಷ್ಟನ್ನು ಕಾರ್ಮಿಕ ಇಲಾಖೆಯಿಂದ ಮಾಡಿಸಿ.

ಇದನ್ನು ಓದುತ್ತಿರುವ ಊರಿನವರಿಗೆ, ಸರ್ಕಾರ ಏನಾದರೂ ಮಾಡುವವರೆಗೆ ಇಷ್ಟು. ಹಳೇ ಬಣ್ಣ ಗಟ್ಟಿಯಾಗಿದ್ದರೆ ಕೆರೆಯಲು ಹೋಗಬೇಡಿ, ಮೇಲೆ ಹೊಸದು ಹೊಡೆಸಿ. ಕೆರೆಯಲೇಬೇಕು ಅಂದರೆ ನೀರು ಚಿಮುಕಿಸಿ ಒದ್ದೆ ಮಾಡಿ ಕೆರೆಯಿರಿ, ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಫ್ಯಾನ್ ಬಂದ್ ಮಾಡಿ. ಗ್ರೈಂಡರ್ ಬೇಡ, ಬೆಂಕಿ ಹಿಡಿದು ಬಣ್ಣ ಏಳಿಸುವುದಂತೂ ಬೇಡವೇ ಬೇಡ, ಆ ಹೊಗೆಯಲ್ಲೂ ಸೀಸ ಇರುತ್ತದೆ. ಸಣ್ಣ ಮಕ್ಕಳನ್ನು, ಬಸುರಿ ಹೆಣ್ಣುಮಕ್ಕಳನ್ನು ಕೆಲಸ ಮುಗಿದು ಒದ್ದೆ ಬಟ್ಟೆಯಲ್ಲಿ ಪೂರ್ತಿ ಒರೆಸುವವರೆಗೆ ಬೇರೆ ಮನೆಯಲ್ಲಿ ಇಡಿ. ಗುಡಿಸಬೇಡಿ, ಒರೆಸಿ. ಹೊಸ ಡಬ್ಬ ಕೊಳ್ಳುವಾಗ 90 ಪಿಪಿಎಂ ಸಾಲು ಇದೆಯಾ ಓದಿ, ಇಲ್ಲದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಮನೆ ಮಾರುವುದಿದ್ದರೆ ಹೇಳಿ ಮಾರಿ. ಬೆಲೆ ಸ್ವಲ್ಪ ಕಡಿಮೆಯಾಗಬಹುದು, ಆಗಲಿ.

ಮಗಳ ವಿಷಯ ಕೇಳುತ್ತೀರಿ ಅಂತ ಬರೆಯುತ್ತೇನೆ. ಎರಡು ವಾರ ಸೇಡಂ ರಸ್ತೆಯ ಅಕ್ಕನ ಮನೆಯಲ್ಲಿ ಇದ್ದೆವು, ಆ ಹೊತ್ತಿಗೆ ಮನೆ ಪೂರ್ತಿ ನೀರು ಬಟ್ಟೆಯಲ್ಲಿ ಮೂರು ಸಲ ಒರೆಸಿ, ಕಲ್ಲಿನ ಸಂದಿಗೆಲ್ಲಾ ಸಿಮೆಂಟ್ ತುಂಬಿಸಿದೆ. ರಕ್ತದ ಸೀಸ ಆರು ತಿಂಗಳಿಗೆ 12ಕ್ಕೆ ಇಳಿಯಿತು, ವರ್ಷಕ್ಕೆ 7. ಈಗ ಮಾತು ಬರುತ್ತಿದೆ, ತಡವಾಗಿ, ಆದರೆ ಜೋರಾಗಿ. ಮುಂದೆ ಕಲಿಯುವುದರಲ್ಲಿ ಏನಾದರೂ ವ್ಯತ್ಯಾಸ ಆಗುತ್ತದಾ ಅಂತ ಡಾಕ್ಟರಮ್ಮನನ್ನು ಕೇಳಿದರೆ, ಶಾಲೆಗೆ ಹೋಗಲಿ ನೋಡೋಣ ಅನ್ನುತ್ತಾರೆ.

ಕೊನೆಯದಾಗಿ ಒಂದು ಸಣ್ಣ ಬೇಡಿಕೆ. ಕೆರೆದ ಬಣ್ಣದ ಚಕ್ಕೆ, ಒರೆಸಿದ ಬಟ್ಟೆ, ಹಲ್ಲಿನ ಗುರುತಿರುವ ಆ ಚೌಕಟ್ಟು, ಎಲ್ಲಾ ಎರಡು ತೊಗರಿ ಚೀಲದಲ್ಲಿ ಪ್ಲಾಸ್ಟಿಕ್ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ಕಸದ ಗಾಡಿಗೆ ಹಾಕಲು ಮನಸ್ಸು ಒಪ್ಪಲಿಲ್ಲ, ಕಸ ಆರಿಸುವವರಿಗೂ ಮಕ್ಕಳಿದ್ದಾರೆ. ಎಲ್ಲಿಗೆ ಕೊಡಬೇಕು ಅಂತ ಕೇಳಿದರೆ ಯಾರೂ ಹೇಳುತ್ತಿಲ್ಲ. ಚೌಕಟ್ಟನ್ನು ನೀವು ಹೇಳಿದ ದಿನ ನಿಮ್ಮ ಕಚೇರಿಗೆ ತಂದು ತೋರಿಸುತ್ತೇನೆ. ಚೀಲಗಳನ್ನು ಎಲ್ಲಿ ಕೊಡಬೇಕು ಅನ್ನುವುದನ್ನು ಮಾತ್ರ ದಯವಿಟ್ಟು ತಿಳಿಸಿ.

ಇಂತಿ,
ಬ್ರಹ್ಮಪುರದ ಒಬ್ಬ ನಿವಾಸಿ
(ಹೆಸರು, ವಿಳಾಸ, ಲ್ಯಾಬ್ ರಿಪೋರ್ಟಿನ ಪ್ರತಿಗಳು ನಿಮ್ಮ ಕಚೇರಿಗೆ ಕೊಟ್ಟ ಪತ್ರದಲ್ಲಿವೆ)